ಚಕಬಂದಿಯಲ್ಲಿ ಸಿಕ್ಕ ಮನೆ

ಮಾರ್ಚ್ 12, 2024, ಹುಬ್ಬಳ್ಳಿ

ಅವ್ವನ ಟ್ರಂಕಿನಲ್ಲಿದ್ದ ಹಳೆಯ ಪೋಸ್ಟ್ ಕಾರ್ಡಿನ ವಿಳಾಸವನ್ನು ಇವತ್ತು ಈ ವಹಿಗೆ ಇಳಿಸಿಕೊಂಡೆ. ಆರನೇ ಜಾರ್ಜ್ ದೊರೆಯ ಮುಖವಿರುವ ಕಾರ್ಡು. ಮೊದಲ ಸಾಲಿನಲ್ಲಿ ಮುತ್ತಜ್ಜನ ಹೆಸರು, ಎರಡನೆಯದರಲ್ಲಿ ‘ಸಾವಕಾರರ ವಾಡೇದಾಗ’, ಮೂರನೆಯದರಲ್ಲಿ ‘ಮು. ಬಾಗಲಕೋಟ, ಜಿ. ವಿಜಾಪುರ’. ಮನೆಯ ನಂಬರಿಲ್ಲ, ಓಣಿಯ ಹೆಸರೂ ಇಲ್ಲ. ವಾಡೆಯೊಳಗೆ ಯಾರು ಎಲ್ಲಿದ್ದಾರೆ ಎನ್ನುವುದು ಅಂಚೆಯವನಿಗೆ ಬಾಯಿಪಾಠವಾಗಿತ್ತು.

ಮುತ್ತಜ್ಜ ಅಂದರೆ ಅವ್ವನ ತಾಯಿಯ ತಂದೆ. ಸಾವಕಾರರಿಂದ ನೂಲು ತಂದು, ಸೀರೆ ನೇಯ್ದು ಕೊಟ್ಟು, ಮಜೂರಿ ಪಡೆಯುತ್ತಿದ್ದ ನೇಕಾರ. ಇದ್ದ ಮನೆಯೂ ಸಾವಕಾರರದೇ. ಅಜ್ಜಿ ಬಾಣಂತನಕ್ಕೆ ತವರಿಗೆ ಬಂದಾಗ ಅವ್ವ ಹುಟ್ಟಿದ್ದು ಅಲ್ಲಿ, ಶಾಲೆಗೆ ಸೇರುವ ತನಕ ಬೆಳೆದದ್ದೂ ಅಲ್ಲಿ. ಈಗ ಅವಳಿಗೆ 83. ವಾಡೆಯಿದ್ದ ಓಣಿ ಘಟಪ್ರಭೆಯ ದಂಡೆಗೆ, ತಗ್ಗಿನಲ್ಲಿತ್ತು. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರಿದಾಗ ಮುಳುಗಡೆಗೆ ಹೋಯಿತು.

ವಾಡೆ ಎಲ್ಲಿತ್ತೆಂದು ಹೇಳುವವರು ಬಾಗಲಕೋಟೆಯಲ್ಲಿ ಇನ್ನೂ ಇದ್ದಾರೆ. ಅಷ್ಟು ಗೊತ್ತಾದರೆ ಸಾಲದು. ಅದರ ಅಂಗಳದ ಸುತ್ತ ಹಲವು ಸಂಸಾರಗಳಿದ್ದವು. ಅವುಗಳಲ್ಲಿ ಮುತ್ತಜ್ಜನ ಮಗ್ಗ ಹೂಡಿದ್ದ ಮನೆ ಯಾವುದು? ಅವ್ವ ಇರುವಾಗಲೇ ಅದು ಗೊತ್ತಾಗಬೇಕು.

ಪತ್ರಿಕೆ ಬಂದೊಡನೆ ಜಲಾಶಯಗಳ ಮಟ್ಟದ ಪಟ್ಟಿ ನೋಡುವುದು ರೂಢಿಯಾಗಿದೆ. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್. ಅದರ ಪಕ್ಕದ ಅಂಕಿ ದಿನದಿನಕ್ಕೆ ಇಳಿಯುತ್ತಿದೆ. ಕಳೆದ ವರ್ಷ ಮಳೆ ಕೈಕೊಟ್ಟು ನಾಡಿಗೆ ಬರ ಬಿತ್ತು. ಈ ಬೇಸಿಗೆಯಲ್ಲಿ ನೀರು ದೂರ ಸರಿಯುತ್ತದೆ, ಆ ಜಾಗಕ್ಕೆ ಕಾಲಿಡಬಹುದು. ಬರದಿಂದ ನನಗೊಂದು ಅನುಕೂಲವಾಯಿತೆಂದು ಬರೆಯಲು ಮನಸ್ಸು ಬಾರದು. ಆದರೆ ಸಂಗತಿ ಇರುವುದು ಹಾಗೆ.

ಮಾರ್ಚ್ 27, ಬಾಗಲಕೋಟೆ

ಊರಲ್ಲಿ ಬಣ್ಣದಾಟ. ಕಾಮಣ್ಣನನ್ನು ಸುಟ್ಟ ಮೇಲೆ ಇಲ್ಲಿ ಮೂರು ದಿನ ಬಣ್ಣ ನಡೆಯುತ್ತದೆ. ಬ್ಯಾರಲ್ಲುಗಟ್ಟಲೆ ಬಣ್ಣದ ನೀರು ತುಂಬಿಕೊಂಡ ಬಂಡಿಗಳು ಒಂದು ಓಣಿಯಿಂದ ಇನ್ನೊಂದು ಓಣಿಯ ಮೇಲೆ ಹೋಗುತ್ತವೆ. ಹಲಗಿಯ ಸಪ್ಪಳ ರಾತ್ರಿಯೆಲ್ಲ. ಈ ದಿನಗಳಲ್ಲಿ ಕಚೇರಿಯ ಕೆಲಸ ಆಗುವುದಿಲ್ಲವೆಂದು ಗೊತ್ತಿದ್ದೇ ಬಂದೆ. ಮುಳುಗಡೆಯಾದ ಮೇಲೆ ನವನಗರಕ್ಕೆ, ವಿದ್ಯಾಗಿರಿಗೆ, ಪುಣೆ ಮುಂಬಯಿಗೆ ಚೆದುರಿದವರೆಲ್ಲ ಬಣ್ಣಕ್ಕೆ ಹಳೇ ಊರಿಗೆ ಬರುತ್ತಾರೆ. ನಾನು ಕೇಳಬೇಕಾದ ಮಾತು ಇಂಥವರಲ್ಲೇ ಇದೆ.

ಓಣಿಯ ಕಟ್ಟೆಯ ಮೇಲೆ ಹಿರಿಯರೊಬ್ಬರು ಸಿಕ್ಕರು. ವಾಡೆಯ ಹೆಸರು ಹೇಳುತ್ತಲೇ ಕೈಯೆತ್ತಿ ನದಿಯ ಕಡೆ ತೋರಿಸಿದರು. “ಅಗಸಿ ಬಾಗಲಾ ಮೂಡಲ ಮಾರಿಗಿತ್ತವ್ವಾ. ಒಳಗ ಹೊಕ್ಕರ ಉದ್ದಾನ ಅಂಗಳ. ತುದೀಗೆ ಬಾವಿ. ಸಾವಕಾರ್ರು ತೆಂಕ ಬಾಜೂಕ, ನೇಕಾರ್ರು ಬಡಗ ಬಾಜೂಕ.” ಮುತ್ತಜ್ಜನ ಹೆಸರು ಹೇಳಿದೆ. ಕಣ್ಣು ಮುಚ್ಚಿ ಯೋಚಿಸಿದರು. “ಸಾವಕಾರ್ರ ಹೆಸರ ಕೇಳ, ಹೇಳ್ತೀನಿ. ಬಾಡಗಿ ಇದ್ದವರು ಭಾಳ ಮಂದಿ ಬಂದ್ರು, ಭಾಳ ಮಂದಿ ಹ್ವಾದ್ರು” ಎಂದರು.

ಮುಂದೆ ಎಲ್ಲ ಕಡೆಯೂ ಇದೇ ಉತ್ತರ ಬರಬಹುದು ಎನಿಸಿತು. ಆದರೂ ಕೈಗೆ ಒಂದಿಷ್ಟು ಸಿಕ್ಕಿದೆ: ಪೂರ್ವಕ್ಕೆ ಅಗಸೆ, ಪಶ್ಚಿಮದ ತುದಿಗೆ ಬಾವಿ, ಉತ್ತರದ ಸಾಲಿನಲ್ಲಿ ನೇಕಾರರು.

ಏಪ್ರಿಲ್ 4, ಬಾಗಲಕೋಟೆ

ಮುಂಬಯಿ ಇಲಾಖೆಯ ಕಾಲದ ಊರುಗಳಲ್ಲಿ ಹುಡುಕುವವರಿಗೆ ಒಂದು ಸೌಕರ್ಯವಿದೆ. ಪೇಟೆಯೊಳಗಿನ ಪ್ರತಿ ಜಾಗಕ್ಕೂ ಸಿಟಿ ಸರ್ವೆ ನಂಬರು, ಪ್ರತಿ ನಂಬರಿಗೂ ನಕಾಶೆಯಲ್ಲಿ ಗೆರೆ, ಒಂದು ಉತಾರ. ಊರು ಮುಳುಗಿದರೂ ಕಾಗದ ಮುಳುಗುವುದಿಲ್ಲ. ಇವತ್ತು ವಾಡೆಯ ಉತಾರವನ್ನು ಕೈಯಲ್ಲಿ ಹಿಡಿದು ಓದಿದೆ.

ಮೇಲಿಂದ ಕೆಳಗೆ ಒಂದು ಮನೆತನದ ಕಥೆಯೇ ಅಲ್ಲಿದೆ. ಅಪ್ಪನಿಂದ ಮಗನಿಗೆ ವಾರಸಾ, ಅಣ್ಣತಮ್ಮಂದಿರ ವಾಟಣಿ, ಒಂದು ಬೋಜಾ, ಅದು ತೀರಿದ ನೋಂದು, ಮತ್ತೆ ವಾರಸಾ. ಕೊನೆಯ ಸಾಲಿನಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಸ್ವಾಧೀನವಾದ ವಿಷಯ. ಅದರ ಕೆಳಗೆ ಖಾಲಿ. ಮುತ್ತಜ್ಜ ಸುಮಾರು ಮೂವತ್ತು ವರ್ಷ ಆ ಚಾವಣಿಯಡಿ ಬದುಕಿದ. ಈ ಹಾಳೆಯಲ್ಲಿ ಅವನ ಸುಳಿವಿಲ್ಲ. ಇರಬೇಕಾದ ಕಾರಣವೂ ಇಲ್ಲ. ಉತಾರ ಕೇಳುವುದು ಜಾಗ ಯಾರದು ಎಂಬ ಒಂದೇ ಪ್ರಶ್ನೆಯನ್ನು. ಯಾರು ಇದ್ದರು, ಯಾರು ಅಲ್ಲಿ ಹೆತ್ತರು, ಯಾರು ಅಲ್ಲಿ ಸತ್ತರು ಎಂದು ಅದು ಕೇಳುವುದಿಲ್ಲ.

ನಕಾಶೆ ಮಾತ್ರ ಬಹಳ ಹೇಳಿತು. ವಾಡೆಯ ಅಂಗಳ ಚೌಕವಾಗಿಲ್ಲ. ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ, ಅಗಲ ತೀರ ಕಡಿಮೆ. ಹೆಚ್ಚುಕಡಿಮೆ ಒಂದು ಸಣ್ಣ ಬೀದಿಯಂತೆ. ಸಾವಕಾರರು ತಮ್ಮ ಮನೆಯ ಮುಂದೆ ಇಂಥ ಅಂಗಳವನ್ನು ಏಕೆ ಬಿಟ್ಟುಕೊಂಡರು? ನಕಾಶೆಯ ನಕಲು ತೆಗೆದುಕೊಂಡೆ. ಅವ್ವನಿಗೆ ತೋರಿಸಬೇಕು.

ಏಪ್ರಿಲ್ 11, ಹುಬ್ಬಳ್ಳಿ

ಯುಗಾದಿ ಮುಗಿದು ಮನೆ ಶಾಂತವಾಗಿದೆ. ಬೆಳಿಗ್ಗೆ ನಕಾಶೆಯನ್ನು ಅವ್ವನ ಮುಂದೆ ಹರಡಿದೆ. ಅವಳಿಗೆ ಗೆರೆಗಳು ಅರ್ಥವಾಗಲಿಲ್ಲ. ಅಂಗಳ ಇಷ್ಟುದ್ದ ಏಕೆ ಎಂದು ಕೇಳಿದ್ದೇ ತಡ, ಮಾತು ಶುರುವಾಯಿತು.

“ಹಾಸು ಹಾಕಾಕ.”

ಅವಳು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆದಿಡುತ್ತೇನೆ. ಹಾಸಿನ ನೂಲು ಮಗ್ಗಕ್ಕೇರುವ ಮೊದಲು ಅದಕ್ಕೆ ಗಂಜಿ ಕುಡಿಸಬೇಕು. ಇಲ್ಲದಿದ್ದರೆ ಹಣಿಗೆಯ ಹೊಡೆತಕ್ಕೆ ಎಳೆ ಪಿಸಿಯುತ್ತದೆ. ಗಂಜಿ ಹಾಕಲು ಹಾಸನ್ನು ಅದರ ಪೂರ್ತಿ ಉದ್ದಕ್ಕೆ ಬಿಚ್ಚಿ, ಕವೆಗಳ ಮೇಲೆ ಬಿಗಿಯಾಗಿ ಎಳೆದು ಕಟ್ಟಬೇಕು. ಒಂದೇ ಹಾಸಿನಲ್ಲಿ ಹಲವು ಸೀರೆಗಳಿರುತ್ತಿದ್ದವು. ಒಂದೊಂದು ಸೀರೆಯೂ ಎಂಟು ಗಜಕ್ಕೆ ಕಡಿಮೆಯಿಲ್ಲ. ಮನೆಯೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಅದಕ್ಕೇ ಅಂಗಳ. ನಸುಕಿನಲ್ಲಿ ಎದ್ದು, ಬಿಸಿಲು ಏರುವ ಮುಂಚೆ, ಗಾಳಿ ಬಿಡುವ ಮುಂಚೆ ಈ ಕೆಲಸ ಮುಗಿಯಬೇಕು. ಗಂಜಿ ಸವರಿದ ಮೇಲೆ ಇಬ್ಬರು ಹಾಸಿನ ಎರಡೂ ಬದಿಗೆ ನಿಂತು, ಉದ್ದನೆಯ ಕುಂಚವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಲಯದಲ್ಲಿ ಎಳೆಯುತ್ತಾರೆ. ಗಂಜಿ ಒಣಗುವಷ್ಟರಲ್ಲಿ ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಬೇಕು. ಕಡಿದ ಎಳೆಯನ್ನು ಹೆಂಗಸರು ಹುಡುಕಿ ಹುರಿಗೊಳಿಸುತ್ತಾರೆ.

ಇದು ಒಬ್ಬ ನೇಕಾರನ ಕೈಲಿ ಆಗುವ ಕೆಲಸವಲ್ಲ. ಇವತ್ತು ಒಂದು ಮನೆಯ ಹಾಸು, ನಾಳೆ ಮತ್ತೊಂದು ಮನೆಯದು. ಎಲ್ಲರ ಹಾಸಿಗೂ ಎಲ್ಲರೂ. ಸಾವಕಾರರು ನೂಲು ಕೊಟ್ಟು ಸೀರೆ ಪಡೆಯುವವರು. ಆ ಅಂಗಳ ಅವರ ವ್ಯಾಪಾರದ ಒಂದು ಭಾಗವಾಗಿತ್ತು, ಹಾಗಾಗಿ ಅದು ಹಾಸಿನ ಅಳತೆಗೇ ಕಟ್ಟಿದ್ದು. ನಕಾಶೆಯ ಆ ಉದ್ದನೆಯ ಗೆರೆಯ ಹಿಂದೆ ಇಷ್ಟು ದುಡಿಮೆ ಇದೆ.

“ಹಾಸ ಹಾಕಿದ್ದಾಗ ನಾವು ಹುಡುಗೂರು ಅಂಗಳಾ ದಾಟಾಂಗಿಲ್ಲ. ಬಾವೀಗೆ ಹೋಗಬೇಕಂದ್ರ ಗ್ವಾಡಿ ಹಿಡದ ಹೋಗಬೇಕು” ಎಂದಳು ಅವ್ವ. ನಿಮ್ಮ ಮನೆಯಿಂದ ಬಾವಿ ದೂರವಿತ್ತೇ ಎಂದು ಕೇಳಿದೆ. “ದೂರ ಎಲ್ಲೀದು? ಮುತ್ಯಾ ಕುಣ್ಯಾಗ ಕುಂತ್ರ ಕಿಡಕ್ಯಾಗಿಂದ ಬಾವಿ ಗಡಗಡಿ ಕಾಣತಿತ್ತು. ಯಾರ ನೀರಿಗಿ ಬಂದಾರ, ಯಾರ ಕೂಡ ಜಗಳಾ ಮಾಡಾಕತ್ಯಾರ, ಎಲ್ಲಾ ಮಗ್ಗದಾಗ ಕುಂತ ಹೇಳತಿದ್ದ.”

ಕುಣಿ ಮಗ್ಗದಲ್ಲಿ ನೇಕಾರ ನೆಲದ ಅಂಚಿನಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾನೆ. ಅವನ ಕಣ್ಣು ಇರುವುದು ನಿಂತವರ ಸೊಂಟದ ಮಟ್ಟಕ್ಕೆ. ಅಲ್ಲಿಂದ ಗಡಗಡಿ ಕಾಣಬೇಕಾದರೆ ಕಿಟಕಿ ತಗ್ಗಿನಲ್ಲಿರಬೇಕು, ನಡುವೆ ಏನೂ ಅಡ್ಡ ಇರಬಾರದು. ಅಗಸೆಗೆ ತಾಗಿದ ಮನೆಯನ್ನು ಇವತ್ತೇ ಲೆಕ್ಕದಿಂದ ತೆಗೆದೆ.

ಏಪ್ರಿಲ್ 23, ಗುಳೇದಗುಡ್ಡದ ಸಮೀಪ

ಅವ್ವನ ಸೋದರಮಾವನ ಮಗ, ನಾನು ಕಾಕಾ ಎನ್ನುವವರು, ತಮ್ಮ ಮನೆತನದ ಹೆಳವರನ್ನು ಕಾಣಲು ಕರೆದುಕೊಂಡು ಹೋದರು. ಹೆಳವರ ಒಕ್ಕಲು ವಂಶಪಾರಂಪರ್ಯವಾದದ್ದು. ಯಾವ ಹೆಳವರು ಯಾವ ಮನೆತನಗಳ ಹೆಸರು ಹೇಳಬೇಕೆಂಬುದು ತಲೆಮಾರುಗಳಿಂದ ಹಂಚಿಕೆಯಾಗಿದೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಾಗಿಲಿಗೆ ಬಂದು, ಗಂಟೆ ಬಾರಿಸಿ, ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹೇಳಿ, ಕಾಳುಕಡಿ ಪಡೆದು, ಹೊಸ ಹೆಸರು ಬರೆದುಕೊಂಡು ಹೋಗುತ್ತಾರೆ.

ಇವರು ವಯಸ್ಸಾದವರು. ಕೆಂಪು ಬಟ್ಟೆಯಲ್ಲಿ ಸುತ್ತಿದ ವಹಿಗಳನ್ನು ಚಾಪೆಯ ಮೇಲಿಟ್ಟು, ಕುಂಕುಮ ಹಚ್ಚಿ, ತೆರೆದರು. ಓದಲಿಲ್ಲ, ಹಾಡಿದಂತೆ ಹೇಳಿದರು. ವಹಿಯ ಮೇಲೆ ಬೆರಳು ಮಾತ್ರ ಸರಿಯುತ್ತಿತ್ತು. ಮುತ್ತಜ್ಜನ ಹೆಸರು ಬಂದ ಕೂಡಲೇ ಕಾಕಾ ನನ್ನ ಕೈ ಹಿಡಿದರು. ಅವನ ಅಪ್ಪ ಗುಳೇದಗುಡ್ಡದವನು. ಅಲ್ಲಿ ಖಣ ನೇಯುವವರ ಮನೆತನ. ಬರಗಾಲದಲ್ಲಿ ಊರು ಬಿಟ್ಟು ಬಾಗಲಕೋಟೆಗೆ ಬಂದರು. “ಸಾವಕಾರನ ವಾಡೇದಾಗ ಇಳದ್ರು. ಅಪ್ಪಂದೊಂದ ಮಗ್ಗ, ಮಗಂದೊಂದ ಮಗ್ಗ. ಒಂದ ಸೂರಿನ್ಯಾಗ ಎರಡ ಮಗ್ಗ.”

ಎರಡು ಮಗ್ಗ. ಇದು ಅವ್ವನಿಗೂ ಗೊತ್ತಿರಲಿಲ್ಲ. ಅವಳು ಹುಟ್ಟುವ ಮೊದಲೇ ಮುತ್ತಜ್ಜನ ಅಪ್ಪ ತೀರಿದ್ದ.

ಆಸ್ತಿಯಿಲ್ಲದವರ ಹೆಸರನ್ನೂ ಆಸ್ತಿವಂತರ ಹೆಸರಿನಷ್ಟೇ ಜತನದಿಂದ ಬರೆದಿಟ್ಟ ಪುಸ್ತಕವನ್ನು ನಾನು ಮೊದಲ ಸಲ ಕಂಡೆ. ಹೆಳವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ; ವಹಿಗಳ ಅಂಚು ಪುಡಿಯಾಗುತ್ತಿದೆ. ಆ ಹಾಳೆಗಳ ಫೋಟೊ ತೆಗೆಯಬಹುದೇ ಎಂದು ಕೇಳಿದೆ. ಕಾಕಾರ ಮನೆತನದ ಹಾಳೆಗಳಿಗೆ ಮಾತ್ರ ಒಪ್ಪಿದರು. ಉಳಿದವು ಉಳಿದ ಒಕ್ಕಲಿನವರ ಸ್ವತ್ತು ಎಂದರು. ಅದು ಸರಿಯಾದ ಮಾತು.

ಮೇ 2, ಬಾಗಲಕೋಟೆ

ಬರುವ 7ಕ್ಕೆ ಇಲ್ಲಿ ಲೋಕಸಭೆಗೆ ಮತದಾನ. ಕಚೇರಿಗಳಲ್ಲೆಲ್ಲ ಚುನಾವಣೆಯ ಓಡಾಟ. ಮಾರ್ಚಿನಲ್ಲಿ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಹಾಕಿದ್ದ ಅರ್ಜಿಗೆ ಉತ್ತರ ಬಂದಿತ್ತು. ಪುಟಕ್ಕೆ 2 ರೂಪಾಯಿಯಂತೆ ಕೊಟ್ಟು ವಾಡೆಯ ಪರಿಹಾರದ ಅವಾರ್ಡ್ ಕಡತದ ನಕಲು ಪಡೆದೆ. ಆ ಗದ್ದಲದ ನಡುವೆಯೂ ಗುಮಾಸ್ತರೊಬ್ಬರು ಕೂತು ಪುಟ ಎಣಿಸಿ ಕೊಟ್ಟರು.

1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಒಂದು ಮನೆಯನ್ನು ಸರ್ಕಾರ ತೆಗೆದುಕೊಳ್ಳಬೇಕಾದರೆ ಅದರ ಬೆಲೆ ಕಟ್ಟಬೇಕಿತ್ತು, 1984ರ ತಿದ್ದುಪಡಿಯ ನಂತರ ಅದರ ಮೇಲೆ ಶೇ. 30 ಸೊಲೇಷಿಯಂ ಸೇರಿಸಬೇಕಿತ್ತು. ಬೆಲೆ ಕಟ್ಟಲು ಎಂಜಿನಿಯರುಗಳು ಟೇಪು ಹಿಡಿದು ಮನೆ ಮನೆ ಹೊಕ್ಕು ಅಳೆದರು. ಯಾವ ಊರನ್ನು ನೀರಿಗೆ ಬಿಡಬೇಕಾಗಿತ್ತೋ ಆ ಊರಿನ ಒಂದೊಂದು ತೊಲೆಯ ಲೆಕ್ಕ ಹೀಗೆ ಕಾಗದಕ್ಕೆ ಬಂತು. ಬಾಗಲಕೋಟೆಯ ಯಾವ ಕಾಲದ ಮನೆಗಳ ವಿವರವೂ ಇಷ್ಟು ಸೂಕ್ಷ್ಮವಾಗಿ ದಾಖಲಾಗಿರಲಾರದು.

ಉತ್ತರದ ಸಾಲಿನ ಅಳತೆ ಹಾಳೆಯನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಕಲ್ಲು-ಮಣ್ಣಿನ ಗೋಡೆ, ಮೇಲುಮುದ್ದೆ ಚಾವಣಿ. ಅಗಸೆಯ ಕಡೆಯಿಂದ ಐದು ಮನೆ. ಸಾವಕಾರರ ಪಡಸಾಲೆಯಲ್ಲಿ ಸಾಗವಾನಿ ಕಂಬ, ಕೆತ್ತಿದ ಬೋದಿಗೆ. ನೇಕಾರರ ಮನೆಗಳಲ್ಲಿ ಬೇವಿನ ತೊಲೆ, ಬೇವಿನ ಜಂತಿ. ಪ್ರತಿ ಮನೆಗೂ ಒಂದು ಬಾಗಿಲು, ಒಂದು ಕಿಟಕಿ, ಚಾವಣಿಯಲ್ಲಿ ಒಂದು ಬೆಳಕಿಂಡಿ. ಷರಾದಲ್ಲಿ ಇಷ್ಟಿದೆ: ಎರಡನೆಯ ಮನೆಯ ನೆಲದಲ್ಲಿ ಕಲ್ಲು ಕಟ್ಟಿದ ಕುಣಿ 2. ನಾಲ್ಕನೆಯದರಲ್ಲಿ ಕುಣಿ 2, ಒಂದು ಮಣ್ಣು ತುಂಬಿದ್ದು. ಐದನೆಯದರಲ್ಲಿ ಕುಣಿ 1.

ಅಳೆದ ಎಂಜಿನಿಯರಿಗೆ ಅದು ಮಗ್ಗದ ಕುಣಿ ಎಂದು ಗೊತ್ತಿತ್ತೋ ಇಲ್ಲವೋ. ಬಿಡದೆ ಬರೆದ, ಅದು ದೊಡ್ಡದು. ಎರಡು ಮಗ್ಗದ ಮನೆ ಎರಡನೆಯದು, ಇಲ್ಲವೇ ನಾಲ್ಕನೆಯದು.

ಮೇ 12, ಬಾಗಲಕೋಟೆ

ಇವತ್ತು ಆ ಜಾಗಕ್ಕೆ ಹೋದೆವು. ಕಾಕಾ, ನಾನು, ಮೀನು ಹಿಡಿಯುವ ಹುಡುಗನೊಬ್ಬ. ನೀರು ಬಹಳ ಹಿಂದಕ್ಕೆ ಸರಿದಿದೆ. ಮೇಲೆ ಎರೆಮಣ್ಣು ಒಣಗಿ ಬಿರಿದಿದೆ, ಬಿರುಕಿನೊಳಗೆ ಕೈ ಹೋಗುತ್ತದೆ; ಕೆಳಗೆ ಇನ್ನೂ ಹಸಿ. ಹುಡುಗ ಕೋಲಿನಿಂದ ಚುಚ್ಚಿ ನೋಡಿದ ಕಡೆಯೇ ಹೆಜ್ಜೆ ಇಡಬೇಕು.

ನಿಂತ ಗೋಡೆ ಒಂದೂ ಇಲ್ಲ. ಇರಲೂ ಸಾಧ್ಯವಿಲ್ಲ. ನೀರು ಬರುವ ಮುಂಚೆ ಜನ ತಮ್ಮ ಕಂಬ, ಬಾಗಿಲು, ಚೌಕಟ್ಟು, ಹಾಸುಗಲ್ಲು ಎಲ್ಲವನ್ನೂ ಬಿಚ್ಚಿ ಬಂಡಿಗೆ ಹೇರಿಕೊಂಡು ಹೋದರು. ಉಳಿದ ಮಣ್ಣಿನ ಗೋಡೆಗಳು ಮೊದಲ ಮಳೆಗಾಲಕ್ಕೇ ಕರಗಿದವು. ಕಾಣುವುದು ಅಡಿಪಾಯದ ಸಾಲು ಮಾತ್ರ, ಅದೂ ಅಲ್ಲಲ್ಲಿ. ಬಾವಿ ಬೇಗ ಸಿಕ್ಕಿತು. ಹೂಳು ತುಂಬಿ ನೆಲಕ್ಕೆ ಸಮವಾಗಿದೆ, ಆದರೆ ಬಾಯಿಯ ಸುತ್ತಿನ ಕಲ್ಲು ಹಾಗೇ ಇದೆ. ಅದರ ಒಂದು ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೀರುಗಳು. ಬೆರಳಿಟ್ಟರೆ ಬೆರಳು ಕೂರುವಷ್ಟು ಆಳ. ಗಡಗಡಿ ಕೆಟ್ಟ ದಿನಗಳಲ್ಲಿ ಹೆಂಗಸರು ಕೈಯಿಂದಲೇ ಸೇದಿದ ಗುರುತು. ಮುತ್ತಜ್ಜಿಯ ಹಗ್ಗವೂ ಆ ಗೀರಿನಲ್ಲಿ ಹರಿದಿರುತ್ತದೆ.

ಬಾವಿಯಿಂದ ಟೇಪು ಹಿಡಿದೆವು. ಅಳತೆ ಹಾಳೆಯ ಅಡಿಗಳನ್ನು ಕೂಡುತ್ತ ಐದನೆಯ ಮನೆ, ಅದರ ಪೂರ್ವಕ್ಕೆ ನಾಲ್ಕನೆಯದು, ಮೂರನೆಯದು, ಎರಡನೆಯದು. ಪ್ರತಿ ಜಾಗದಲ್ಲೂ ಕಡ್ಡಿ ನೆಟ್ಟೆವು. ಕಾಕಾ ನಾಲ್ಕನೆಯದರಲ್ಲಿ ಕುಕ್ಕರಗಾಲಲ್ಲಿ ಕೂತು ಬಾವಿಯ ಕಡೆ ನೋಡಿದರು, ನೇರ ಕಾಣುತ್ತದೆ. ಎರಡನೆಯದರಿಂದ ನೋಡಿದರೆ, ಸಾವಕಾರರ ಅಡುಗೆಮನೆ ಅಂಗಳಕ್ಕೆ ಚಾಚಿದ್ದ ಮೂಲೆ ನಡುವೆ ಬರುತ್ತದೆ. ಆ ಮೂಲೆಯ ಅಡಿಪಾಯ ಇನ್ನೂ ಇದೆ.

ನಾಲ್ಕನೆಯದೇ. ಆದರೂ ಇದು ನಮ್ಮ ತರ್ಕ. ಅವನ ಹೆಸರು ಹೇಳುವ ಕಾಗದ ಇನ್ನೂ ಸಿಕ್ಕಿಲ್ಲ.

ಸಂಜೆ ನವನಗರದಲ್ಲಿ ಸಾವಕಾರರ ಮೊಮ್ಮಗನ ಮನೆಗೆ ಹೋದೆವು. ಅವರ ಪಡಸಾಲೆಯ ಒಂದು ಕಂಬ ಈಗ ಸೆಕ್ಟರಿನ ಮನೆಯ ಮುಂಗಟ್ಟಿನಲ್ಲಿದೆ. ಚಾರ್ಲ್ಸ್ ಕೊರಿಯಾ ಯೋಜಿಸಿದ ಊರು, ಅಗಲ ರಸ್ತೆ, ಮರ, ಗಾಳಿ. ಆ ಹಿರಿಯರು ಅದೆಲ್ಲವನ್ನೂ ಮೆಚ್ಚಿಯೇ ಮಾತಾಡಿದರು. ಆಮೇಲೆ, “ಪರಿಹಾರ ಬಂತು. ನಾಕ ಮಂದಿ ಅಣ್ಣತಮ್ಮಂದಿರು ನಾಕ ದಿಕ್ಕಿಗಾದ್ವಿ” ಎಂದರು. ಕಳೆದುಕೊಂಡವರು ಬಾಡಿಗೆಯವರು ಮಾತ್ರ ಎಂದು ನಾನು ಬರೆದರೆ ಅನ್ಯಾಯವಾದೀತು.

ಮೇ 24, ಬಾಗಲಕೋಟೆ

ಸಿಕ್ಕಿತು.

ನೋಂದಣಿ ಕಚೇರಿಯ ಹಳೆಯ ಸೂಚಿಗಳನ್ನು ಹುಡುಕಿಸಲು ಹೋಗಿದ್ದೆ. ಅಲ್ಲಿ ಹೆಸರಿಗೊಂದು ಸೂಚಿ, ಆಸ್ತಿಗೊಂದು ಸೂಚಿ. ಮುತ್ತಜ್ಜ ಏನನ್ನೂ ಕೊಂಡವನಲ್ಲ, ಮಾರಿದವನಲ್ಲ. ಅವನ ಹೆಸರಿನಲ್ಲಿ ಹುಡುಕಿ ಫಲವಿಲ್ಲ. ಹಾಗಾಗಿ ವಾಡೆಯ ಸುತ್ತಲಿನ ಸಿಟಿ ಸರ್ವೆ ನಂಬರುಗಳ ಪಟ್ಟಿ ಮಾಡಿ, ಅವುಗಳ ಮಾಲೀಕರ ವಾರಸುದಾರರು ಈಗ ಎಲ್ಲಿದ್ದಾರೆಂದು ವಿಚಾರಿಸುತ್ತ ಬಂದಿದ್ದೆ. ವಾಡೆಯ ಬೆನ್ನಿಗೆ, ಉತ್ತರದ ಗೋಡೆಗೆ ಹತ್ತಿ ಇದ್ದ ಸಣ್ಣ ಜಾಗದವರು ವಿದ್ಯಾಗಿರಿಯಲ್ಲಿ ಸಿಕ್ಕರು. ಅವರ ಅಜ್ಜ 1936ರಲ್ಲಿ ಮನೆಯನ್ನು ಗಹಾಣ ಇಟ್ಟಿದ್ದರು. ಆ ಪತ್ರ ಅವರ ಕಪಾಟಿನಲ್ಲಿತ್ತು, ಮೋಡಿ ಲಿಪಿಯಲ್ಲಿ.

ಈ ಭಾಗದ ಹಳೆಯ ಕಾಗದಗಳಿಗೆ ಮೋಡಿ ದೊಡ್ಡ ಅಡ್ಡಿ. ಪೇಶ್ವೆಯರ ಕಾಲದಿಂದ ಲೆಕ್ಕಪತ್ರ ಬಹಳಷ್ಟು ಅದರಲ್ಲೇ ನಡೆಯಿತು. ಈಗ ಓದುವವರು ಬೆರಳೆಣಿಕೆಯಷ್ಟು ಮಂದಿ. ನಮ್ಮ ಪುಣ್ಯಕ್ಕೆ ಅದೇ ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ತಂದೆಯಿಂದ ಕಲಿತದ್ದನ್ನು ಮರೆತಿರಲಿಲ್ಲ. ಭೂತಗನ್ನಡಿ ಹಿಡಿದು, ಲೇಖನಿ ಎತ್ತದೆ ಬರೆದ ಆ ಸಾಲುಗಳನ್ನು ಬಿಡಿಸಿ ಬಿಡಿಸಿ ಓದಿದರು. ಸಾಲದ ಮೊತ್ತ, ಬಡ್ಡಿ, ವಾಯಿದೆ. ಆಮೇಲೆ ಚಕಬಂದಿ. ಪೂರ್ವಕ್ಕೆ ಬೋಳ, ಅಂದರೆ ಸಂದಿ. ಪಶ್ಚಿಮಕ್ಕೆ ಇಂಥವರ ಹಿತ್ತಲು. ಉತ್ತರಕ್ಕೆ ಓಣಿ. ದಕ್ಷಿಣಕ್ಕೆ ಸಾವಕಾರರ ವಾಡೆಯ ಹಿಂಗೋಡೆ, ಗೋಡೆಯಾಚೆ ನೇಕಾರ... ಮಾಸ್ತರರು ನಿಂತರು, ಮತ್ತೆ ನೋಡಿದರು, ಮುತ್ತಜ್ಜನ ಹೆಸರನ್ನೂ ಅವನ ಅಪ್ಪನ ಹೆಸರನ್ನೂ ಓದಿದರು. ‘ಇವರು ವಾಸವಿರುವ ಮನೆ.’

ನಕಾಶೆಯನ್ನು ಪಕ್ಕಕ್ಕಿಟ್ಟೆವು. ಆ ಸಣ್ಣ ಜಾಗದ ದಕ್ಷಿಣದ ಗೆರೆ ಉತ್ತರದ ಸಾಲಿನ ನಾಲ್ಕನೆಯ ಮನೆಗೆ ಮಾತ್ರ ತಾಗುತ್ತದೆ.

ಇಷ್ಟು ದಿನ ಹುಡುಕಿದ್ದು ಏನನ್ನು ಕಲಿಸಿತೆಂದು ಇವತ್ತು ಸ್ಪಷ್ಟವಾಯಿತು. ಸ್ವಂತ ಮನೆಯಿಲ್ಲದವನ ಮನೆ ಅವನ ಕಾಗದದಲ್ಲಿ ಸಿಗುವುದಿಲ್ಲ, ಮಾಲೀಕನ ಕಾಗದದಲ್ಲೂ ಸಿಗುವುದಿಲ್ಲ. ಪಕ್ಕದವನ ಕಾಗದದಲ್ಲಿ ಸಿಗುತ್ತದೆ. ಪಕ್ಕದವನು ತನ್ನ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಬೇಕಾದಾಗ ಗೋಡೆಯಾಚೆಯವನ ಹೆಸರು ಹೇಳುತ್ತಾನೆ. ಸಾವಕಾರರ ಹೆಸರು ಹೇಳಿದ್ದರೂ ಪತ್ರಕ್ಕೆ ಸಾಕಾಗುತ್ತಿತ್ತು. ಆದರೆ ದಿನಾ ಗೋಡೆಯಾಚೆಯಿಂದ ಲಾಳಿಯ ಸಪ್ಪಳ ಕೇಳುತ್ತಿದ್ದ ಆ ನೆರೆಯವರಿಗೆ, ಅಲ್ಲಿರುವುದು ಸಾವಕಾರರ ಗೋಡೆ ಎಂದಷ್ಟೇ ಹೇಳಲು ಮನಸ್ಸಾಗಲಿಲ್ಲ. ಅವರಿಗೆ ನಾನು ಋಣಿ.

ಈ ಮನೆಯನ್ನು ಮುಳುಗಿಸಿದ, ಕೃಷ್ಣೆಗೆ ಅಡ್ಡಲಾಗಿರುವ ಆಲಮಟ್ಟಿಯ ಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಲ್ಲಿ. ಈ ತಿಂಗಳಿಗೆ ಸರಿಯಾಗಿ 60 ವರ್ಷ. ವಿಜಯಪುರ, ಕಲಬುರ್ಗಿ, ಯಾದಗಿರಿ, ರಾಯಚೂರಿನ ಹೊಲಗಳಿಗೆ ಆ ನೀರು ಹೋಗಿದೆ; ಬರದ ನಾಡಿಗೆ ಅದು ಬೇಕೇ ಬೇಕಾಗಿತ್ತು. ನೀರಿಗೆ ಜಾಗ ಬಿಟ್ಟುಕೊಟ್ಟವರ ಪಟ್ಟಿಯಲ್ಲಿ ಬಾಡಿಗೆ ಮನೆಯವರ ಹೆಸರೂ ಇರಬೇಕು ಎನ್ನುವುದಷ್ಟೇ ನನ್ನ ಮಾತು.

ಜೂನ್ 1, ಹುಬ್ಬಳ್ಳಿ

ಅವ್ವನಿಗೆ ಗಹಾಣ ಪತ್ರದ ಫೋಟೊ ತೋರಿಸಿ, ಮಾಸ್ತರರು ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಓದಿದೆ. ಚಕಬಂದಿಯ ಸಾಲನ್ನು ಮತ್ತೊಮ್ಮೆ ಓದಿಸಿದಳು. ಆಮೇಲೆ ಗೋಡೆಯಾಚೆಯವರ ನೆನಪು ತೆಗೆದಳು. ಆ ಮನೆಯಲ್ಲಿ ಎಮ್ಮೆ ಇತ್ತಂತೆ. ಮಜ್ಜಿಗೆಯನ್ನು ಗೋಡೆಯ ಮೇಲಿಂದ ಕೊಡುತ್ತಿದ್ದರಂತೆ. “ಮುತ್ಯಾನ ಹೆಸರ ಸರಕಾರದ ಛಾಪಾ ಕಾಗದದ ಮ್ಯಾಲ ಐತಂದ್ರ ಅವಂಗ ನಗೀನ ಬರತಿತ್ತು” ಎಂದು ತಾನೂ ನಕ್ಕಳು. ಮಧ್ಯಾಹ್ನ ಊಟ ಮಾಡದೆ ಫೋನಿನಲ್ಲಿ ಕೂತು, ತಂಗಿಗೆ, ತಮ್ಮನ ಹೆಂಡತಿಗೆ, ಪುಣೆಯ ಮೊಮ್ಮಗಳಿಗೆ ನಾಲ್ಕನೇ ಮನೆ, ನಾಲ್ಕನೇ ಮನೆ ಎಂದು ಹೇಳುತ್ತಲೇ ಇದ್ದಳು.

ಜೂನ್ 23, ನವನಗರ, ಬಾಗಲಕೋಟೆ

ನಿನ್ನೆ ಮೊನ್ನೆ ಕಾರಹುಣ್ಣಿಮೆ. ಅದರ ನೆವ ಮಾಡಿ ಅಂಗಳದ ಐದೂ ಮನೆಗಳಲ್ಲಿ ಬೇರೆ ಬೇರೆ ಕಾಲಕ್ಕೆ ಇದ್ದವರ ಮಕ್ಕಳು ಮೊಮ್ಮಕ್ಕಳಲ್ಲಿ ಸಿಕ್ಕಷ್ಟು ಜನರನ್ನು ಸಾವಕಾರರ ಮೊಮ್ಮಗನ ಮನೆಗೆ ಸೇರಿಸಿದೆವು. ಅವ್ವ ಕಾರಿನಲ್ಲಿ ಬಂದಳು. ದೊಡ್ಡ ಹಾಳೆಯ ಮೇಲೆ ಅಂಗಳವನ್ನು ಅಳತೆಗೆ ಸರಿಯಾಗಿ ಬರೆದುಕೊಂಡು ಹೋಗಿದ್ದೆ: ಅಗಸೆ, ಪಡಸಾಲೆ, ಐದು ಮನೆ, ಬಾವಿ. ನಾಲ್ಕನೆಯದರಲ್ಲಿ ಮುತ್ತಜ್ಜನ ಹೆಸರು, ಎರಡು ಕುಣಿ.

ಉಳಿದ ಮನೆಗಳನ್ನು ಅವರೇ ತುಂಬಿದರು. ಐದನೆಯದರಲ್ಲಿ ಇದ್ದವರ ಸೊಸೆ, ಕುಣಿಯ ಪಕ್ಕದಲ್ಲೇ ತನ್ನ ಅತ್ತೆ ರಾಟಿ ಇಟ್ಟು ಕಂಡಿಕೆ ಸುತ್ತುತ್ತಿದ್ದ ಜಾಗ ತೋರಿಸಿದರು. ಎರಡನೆಯದರಲ್ಲಿ ಕೊನೆಗೆ ಇದ್ದವರು ನೇಕಾರರಲ್ಲ, ಅಡತಿ ಅಂಗಡಿಯ ಹಮಾಲರು. ಕುಣಿಯ ಮೇಲೆ ಹಲಗೆ ಹಾಕಿ ಜೋಳ ತುಂಬಿಡುತ್ತಿದ್ದರಂತೆ. ಅವಾರ್ಡ್ ಕಡತದಲ್ಲಿ ಕುಣಿ 2 ಎಂದಷ್ಟೇ ಇತ್ತು. ಅದರೊಳಗೆ ಜೋಳವಿತ್ತೆಂದು ಹೇಳಬಲ್ಲವರು ಆ ಮನೆಯವರೇ.

ದನಕ್ಕೆ ನೀರು ಹಾಕುವ ದ್ವಾಣಿ ಎಲ್ಲಿತ್ತು ಎಂಬಲ್ಲಿ ಮಾತು ನಿಂತಿತು. ಬಾವಿಯ ತೆಂಕಕ್ಕೆ ಎಂದು ಅವ್ವ. ಅಗಸೆಯ ಒಳಗೆ ಎಡಕ್ಕೆ ಎಂದು ಸಾವಕಾರರ ಮೊಮ್ಮಗ. ಇಬ್ಬರೂ ಬಿಡಲಿಲ್ಲ. ಎರಡೂ ಕಡೆ ಗುರುತು ಹಾಕಿ, ಹೇಳಿದವರ ಹೆಸರನ್ನೂ ಯಾವ ವರ್ಷದ ನೆನಪು ಎಂಬುದನ್ನೂ ಪಕ್ಕದಲ್ಲಿ ಬರೆದೆ. ನಲವತ್ತರ ದಶಕದ ದ್ವಾಣಿ ಎಪ್ಪತ್ತರ ದಶಕಕ್ಕೆ ಜಾಗ ಬದಲಿಸಿರಲೂ ಸಾಕು.

ಊಟದ ನಂತರ ಮಾತು ಕೃಷ್ಣಾ ಮೇಲ್ದಂಡೆಯ ಮೂರನೇ ಹಂತಕ್ಕೆ ಹೊರಳಿತು. ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನೀರಿನ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯ ಇನ್ನೂ ಇದೆ. ಏರಿದರೆ ಹಳೇ ಊರಿನ ಇನ್ನಷ್ಟು ಓಣಿಗಳು ಹೋಗುತ್ತವೆ. ಆ ಓಣಿಗಳಲ್ಲಿ ಇವತ್ತೂ ವಾಡೆಗಳಿವೆ, ವಾಡೆಗಳಲ್ಲಿ ಬಾಡಿಗೆಯವರಿದ್ದಾರೆ. ಮಾಲೀಕರ ಹೆಸರನ್ನು ಸರ್ಕಾರ ಬರೆದುಕೊಳ್ಳುತ್ತದೆ. ಉಳಿದವರ ಹೆಸರನ್ನು ನಾವೇ ಬರೆದಿಡೋಣ ಎಂದೆ. ಯಾವ ಮನೆಯಲ್ಲಿ ಯಾರು, ಎಲ್ಲಿಂದ ಬಂದರು, ಏನು ಕೆಲಸ, ಎಡಬಲಕ್ಕೆ ಯಾರು: ಒಂದು ಮನೆಗೆ ಒಂದು ಹಾಳೆ ಸಾಕು.

ಐದನೆಯ ಮನೆಯ ಸೊಸೆಯ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ತನ್ನ ಗೆಳತಿಯರನ್ನೂ ಕರೆತರುತ್ತೇನೆಂದಳು. ಸಾವಕಾರರ ಮೊಮ್ಮಗ ಹಳೇ ಊರಿನ ಪರಿಚಯದ ವಾಡೆಗಳ ಪಟ್ಟಿಯನ್ನು ಆಗಲೇ ಹೇಳತೊಡಗಿದರು. ಮೋಡಿ ಪತ್ರ ಸಿಕ್ಕರೆ ಓದಿಕೊಡಲು, ಕಲಿಯುವವರಿದ್ದರೆ ಕಲಿಸಲು ಮಾಸ್ತರರು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಮೊದಲ ಓಣಿ. ನಮೂನೆಯ ಹಾಳೆಯಲ್ಲಿ ‘ಮಾಲೀಕರು’ ಎಂಬ ಕಾಲಮನ್ನು ಕೆಳಗಿಟ್ಟು, ‘ವಾಸವಿರುವವರು’ ಎಂಬುದನ್ನು ಮೇಲಿಟ್ಟಿದ್ದೇನೆ.